ಕೆಳಶಿಯಿಂದ ಮೂಲ್ಕಿಯವರೆಗೆ: ಧರ್ಮಕ್ಕೂ ಪ್ರಭುತ್ವಕ್ಕೂ ನಡುವಣ ಅಂತರ

(ಪೋಂಡಾದಲ್ಲಿ ಗೋವೆಯ ಕನ್ನಡಿಗರು ಕೂಡಿ ಏರ್ಪಡಿಸಿದ್ದ ಉಪನ್ಯಾಸದ ಬರಹ ರೂಪ)

ಹಿರಿಯರೇ, ಸ್ನೇಹಿತರೇ,

ಪಣಜಿಯ ಕಡೆಯಿಂದ ಈ ಸಭೆಗೆ ಬಂದವರು ದಾರಿಯಲ್ಲಿ ಮಂಗೇಶಿಯನ್ನೂ ಮಾರ್ದೋಳವನ್ನೂ ದಾಟಿ ಬಂದಿರುತ್ತೀರಿ. ಕವಳೆಯ ಶಾಂತಾದುರ್ಗೆಯ ಗುಡಿಯೂ ಇಲ್ಲಿಗೆ ಹತ್ತಿರದಲ್ಲಿಯೇ ಇದೆ. ಊರಿನಿಂದ ನೆಂಟರು ಬಂದಾಗ ನಾವೆಲ್ಲ ಅವರನ್ನು ಕರೆದುಕೊಂಡು ಹೋಗುವ ಗುಡಿಗಳು ಇವು. ಆದರೆ ಈ ಮೂರು ದೇವರುಗಳಲ್ಲಿ ಒಂದೂ ಮೂಲತಃ ಈ ತಾಲ್ಲೂಕಿನದಲ್ಲ. ಮಂಗೇಶ ಜುವಾರಿ ನದಿಯಾಚೆಯ ಕುಶಸ್ಥಳಿಯವನು, ಅಂದರೆ ಇಂದಿನ ಕುಠ್ಠಾಳಿಯವನು, ಶಾಂತಾದುರ್ಗೆ ಕೆಳಶಿಯವಳು, ಮಾರ್ದೋಳದ ಮಹಾಲಸೆ ವೆರ್ಣೆಯವಳು. ಹದಿನಾರನೆಯ ಶತಮಾನದ ನಡುಭಾಗದಲ್ಲಿ ಭಕ್ತರು ತಮ್ಮ ದೇವರುಗಳನ್ನು ಹೊತ್ತು ನದಿ ದಾಟಿ ಇಲ್ಲಿಗೆ ತಂದರು. ಮಂಗೇಶ ಬಂದದ್ದು 1560ರಲ್ಲಿ. ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ಸ್ಥಾಪನೆಯಾದದ್ದೂ ಅದೇ ವರ್ಷ.

ನದಿಯ ಆಚೆ ದಡ ಪೋರ್ತುಗೀಸರದಾಗಿತ್ತು. ತಿಸವಾಡಿ 1510ರಲ್ಲಿಯೂ ಬಾರ್ದೇಶ, ಸಾಸಷ್ಟಿಗಳು 1543ರಲ್ಲಿಯೂ ಅವರ ವಶವಾಗಿದ್ದವು. ಈಚೆ ದಡ ಯಾರದು? ವಿಜಯಪುರದ ಆದಿಲಶಾಹಿ ಸುಲ್ತಾನರದು. ಈ ಸಭೆಯಲ್ಲಿ ವಿಜಯಪುರ, ಬಾಗಲಕೋಟೆ ಕಡೆಯವರು ಬಹಳ ಮಂದಿ ಇದ್ದೀರಿ, ಹಾಗಾಗಿ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಕ್ರೈಸ್ತ ದೊರೆಯ ಸೀಮೆಯಿಂದ ಹೊರಟ ಹಿಂದೂ ದೇವರು ನೆಲೆ ಕಂಡುಕೊಂಡದ್ದು ಮುಸಲ್ಮಾನ ದೊರೆಯ ಸೀಮೆಯಲ್ಲಿ. ಇದರಿಂದ ಒಂದು ಧರ್ಮ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂಬ ತೀರ್ಮಾನಕ್ಕೆ ಬರುವವರಿದ್ದರೆ ಅವರು ಆದಿಲಶಾಹಿಯ ಚರಿತ್ರೆಯನ್ನೂ ಪೂರ್ತಿ ಓದಬೇಕಾಗುತ್ತದೆ. ನನಗೆ ಇದರಲ್ಲಿ ಕಾಣುವುದು ಬೇರೆ: ಆ ದಿನಗಳಲ್ಲಿ ಒಬ್ಬ ಮನುಷ್ಯನ ಪೂಜೆ ನಡೆಯುವುದೋ ನಿಲ್ಲುವುದೋ ಎಂಬುದು ಅವನು ನದಿಯ ಯಾವ ದಡದಲ್ಲಿ ಹುಟ್ಟಿದ್ದಾನೆ ಎಂಬುದರ ಮೇಲೆ ನಿಂತಿತ್ತು.

ಧರ್ಮಸ್ವಾತಂತ್ರ್ಯ ಎಂಬ ವಿಷಯವನ್ನು ಸಾಮಾನ್ಯವಾಗಿ ಅಮೆರಿಕದಿಂದಲೋ ಫ್ರಾನ್ಸಿನಿಂದಲೋ ಆರಂಭಿಸುವ ರೂಢಿಯಿದೆ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ 1791ರದು, ಫ್ರಾನ್ಸಿನ ಪ್ರತ್ಯೇಕತೆಯ ಕಾನೂನು 1905ರದು. ಅವನ್ನು ಬಲ್ಲವರು ನಿಮ್ಮಲ್ಲಿ ಇದ್ದೀರಿ, ಆದ್ದರಿಂದ ಅಲ್ಲಿ ನಿಲ್ಲುವುದಿಲ್ಲ. ಚರ್ಚು ಮತ್ತು ಪ್ರಭುತ್ವ ಒಂದಾದರೆ ಏನಾಗುತ್ತದೆ, ಅವು ಬೇರೆಯಾದಾಗ ಏನಾಗುತ್ತದೆ ಎಂಬುದನ್ನು ನಾಲ್ಕೂವರೆ ಶತಮಾನಗಳ ಕಾಲ ತನ್ನ ಮೈಮೇಲೆ ಬರೆಸಿಕೊಂಡ ನೆಲದಲ್ಲಿ ನಾವು ಕುಳಿತಿರುವಾಗ ಅಷ್ಟು ದೂರ ಹೋಗಬೇಕಾಗಿಲ್ಲ.

ಪೋರ್ತುಗೀಸರ ಗೋವೆಯಲ್ಲಿ ಚರ್ಚು ಪ್ರಭುತ್ವವನ್ನು ಆಳುತ್ತಿತ್ತು ಎಂಬ ತಿಳಿವಳಿಕೆ ನಮ್ಮಲ್ಲಿ ಹಲವರಿಗಿದೆ. ವಸ್ತುಸ್ಥಿತಿ ಹೆಚ್ಚುಕಡಿಮೆ ತಿರುಗುಮುರುಗು. ಪಾದ್ರೊವಾದೊ ಎಂಬ ಏರ್ಪಾಡಿನ ಪ್ರಕಾರ ಪೋಪರು ಪೋರ್ತುಗಲ್ಲಿನ ದೊರೆಗೆ ಪೂರ್ವದೇಶಗಳ ಚರ್ಚುಗಳನ್ನು ಪೋಷಿಸುವ ಹೊಣೆಯನ್ನೂ, ಬಿಷಪರು ಯಾರಾಗಬೇಕೆಂದು ಸೂಚಿಸುವ ಅಧಿಕಾರವನ್ನೂ ಕೊಟ್ಟಿದ್ದರು. ಅನ್ನ ಹಾಕುವವನೇ ಅಪ್ಪಣೆಯನ್ನೂ ಕೊಡತೊಡಗಿದ. 1759ರಲ್ಲಿ ಲಿಸ್ಬನ್ನಿನ ಮಂತ್ರಿ ಪೊಂಬಾಲ್ ಮನಸ್ಸು ಮಾಡಿದಾಗ ಜೆಸ್ವಿಟ್ ಪಾದ್ರಿಗಳನ್ನು ಗೋವೆಯಿಂದಲೂ ಹೊರಹಾಕಲಾಯಿತು. 1835ರಲ್ಲಿ ಸರ್ಕಾರ ಉಳಿದ ಸಂನ್ಯಾಸಿ ಪಂಥಗಳ ಮಠಗಳನ್ನೂ ಮುಚ್ಚಿಸಿ ಆಸ್ತಿಯನ್ನು ವಶಪಡಿಸಿಕೊಂಡಿತು. ಹಳೆಗೋವೆಯಲ್ಲಿ ಸಂತ ಆಗಸ್ಟಿನ್ ಚರ್ಚಿನ ಒಂಟಿ ಗೋಪುರ ನಿಂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಯಾವ ಶತ್ರುವೂ ದಾಳಿ ಮಾಡಿ ಕೆಡವಲಿಲ್ಲ. ಪಾದ್ರಿಗಳನ್ನು ಅವರದೇ ಕ್ಯಾಥೊಲಿಕ್ ಸರ್ಕಾರ ಹೊರಡಿಸಿದ ಮೇಲೆ ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಅದರ ಚಾವಣಿ ಕುಸಿಯಿತು. ಪ್ರಭುತ್ವದ ತೆಕ್ಕೆಯಲ್ಲಿರುವ ಧರ್ಮಕ್ಕೆ ಏನಾಗಬಹುದು ಎಂದು ಯಾರಾದರೂ ಕೇಳಿದರೆ ನಾನು ಅವರನ್ನು ಆ ಗೋಪುರದ ಬುಡಕ್ಕೆ ಕರೆದೊಯ್ಯುತ್ತೇನೆ.

ಇನ್‌ಕ್ವಿಸಿಷನ್ ವಿಷಯದಲ್ಲಿಯೂ ಒಂದು ಸಂಗತಿಯನ್ನು ಬಿಡಿಸಿ ನೋಡಬೇಕು. 1560ರಿಂದ 1812ರವರೆಗೆ, ನಡುವೆ 1774ರಿಂದ 1778ರ ನಾಲ್ಕು ವರ್ಷಗಳನ್ನು ಬಿಟ್ಟು, ಅದು ಇಲ್ಲಿ ನಡೆಯಿತು. ಹಿಂದೂಗಳು ಬಹಿರಂಗವಾಗಿ ತಮ್ಮ ಆಚರಣೆಗಳನ್ನು ನಡೆಸಿದರೆ ಅದು ಅವರನ್ನೂ ಹಿಡಿಯುತ್ತಿತ್ತು. ಆದರೆ ಆ ನ್ಯಾಯಾಲಯದ ಮುಖ್ಯ ಅಧಿಕಾರವಿದ್ದದ್ದು ದೀಕ್ಷಾಸ್ನಾನ ಪಡೆದವರ ಮೇಲೆ: ಯೆಹೂದಿ ಮೂಲದಿಂದ ಬಂದ ಕ್ರೈಸ್ತರ ಮೇಲೆ, ಮತಾಂತರವಾದ ಕೊಂಕಣಿಗರ ಮೇಲೆ. 1736ರಲ್ಲಿ ಅದು ಹೊರಡಿಸಿದ ಒಂದು ನಿಷೇಧಾಜ್ಞೆಯನ್ನು ಓದಿದರೆ ಎದೆ ಭಾರವಾಗುತ್ತದೆ. ಇಲ್ಲಿನ ಕ್ರೈಸ್ತರು ಮದುವೆಯಲ್ಲಿ ನಾಡಿನ ವಾದ್ಯಗಳನ್ನು ಬಾರಿಸಕೂಡದು. ವೀಳ್ಯದೆಲೆ, ಅಡಿಕೆ, ಹೂಗಳನ್ನು ಹಂಚಕೂಡದು. ಮನೆಯಲ್ಲಿ ತುಳಸಿ ಗಿಡ ಇಟ್ಟುಕೊಳ್ಳಕೂಡದು. ಉಪ್ಪು ಹಾಕದೆ ಅನ್ನ ಬೇಯಿಸಕೂಡದು. ಗಂಡಸರು ಧೋತರ ಉಡಕೂಡದು, ಹೆಂಗಸರು ಚೋಳಿ ತೊಡಕೂಡದು. ಈ ಪಟ್ಟಿಯಲ್ಲಿ ದೇವರ ಹೆಸರಿನ ವಿಚಾರವೇ ಇಲ್ಲ. ಉಪ್ಪು ಹಾಕದ ಅನ್ನ ಬೇಯುತ್ತಿದೆಯೇ ಎಂದು ನೋಡಲು ಪ್ರಭುತ್ವ ಅಡುಗೆಮನೆಯ ಒಲೆಯ ಬಳಿಗೇ ಬಂದು ನಿಂತಿತ್ತು, ಅದೂ ಪ್ರಭುತ್ವದ ಧರ್ಮವನ್ನೇ ಒಪ್ಪಿಕೊಂಡವರ ಮನೆಗಳಲ್ಲಿ. ದೇವರನ್ನು ಹೊತ್ತು ನದಿ ದಾಟಿದವರಿಗೆ ಆಚೆ ದಡವಾದರೂ ಇತ್ತು. ಧರ್ಮ ಬದಲಿಸಿ ಊರಲ್ಲೇ ಉಳಿದವರಿಗೆ ಅದೂ ಇರಲಿಲ್ಲ. ಒಂದು ಧರ್ಮಕ್ಕೆ ರಾಜಮುದ್ರೆ ಬಿದ್ದರೆ ಆ ಧರ್ಮದವರು ಸುಖವಾಗಿರುತ್ತಾರೆ ಎಂಬ ನಂಬಿಕೆಗೆ ಗೋವೆಯ ಕ್ರೈಸ್ತರ ಈ ಅನುಭವ ಉತ್ತರವಾಗಿದೆ. ದೇಶೀಯ ಪಾದ್ರಿಗಳಿಗೆ ದೊಡ್ಡ ಹುದ್ದೆಗಳು ಸಿಗದಿದ್ದುದು ಪೋರ್ತುಗೀಸರ ವಿರುದ್ಧದ 1787ರ ಪಿಂಟೊ ಬಂಡಾಯದ ಕಾರಣಗಳಲ್ಲಿ ಒಂದು ಎಂಬುದನ್ನೂ ಇದರ ಜೊತೆ ಇಟ್ಟು ನೋಡಬಹುದು.

ಪೋಂಡಾ ಪೋರ್ತುಗೀಸರ ಕೈಗೆ ಬಂದದ್ದು ತಡವಾಗಿ, 1763ರಲ್ಲಿ. ಅದಕ್ಕೆ ಹಿಂದೆ ಈ ಸೀಮೆಗೂ ನಮ್ಮ ಶಿರಸಿಯ ಹತ್ತಿರದ ಸೋಂದೆಯ ಅರಸರಿಗೂ ನಂಟಿತ್ತು. ಹೈದರಾಲಿ ಸೋಂದೆಯನ್ನು ಗೆದ್ದ ಮೇಲೆ ಅಲ್ಲಿನ ಅರಸರು ಗೋವೆಗೆ ಬಂದು ಇಲ್ಲಿಯೇ ಬಾಂದಿವಡೆಯಲ್ಲಿ ನೆಲೆಸಿದರು. ಅಷ್ಟು ಹೊತ್ತಿಗೆ ಪೋರ್ತುಗೀಸರ ನೀತಿ ಬದಲಾಗಿತ್ತು. ಈ ಹೊಸ ಕಾಬಿಜಾದಿಯಲ್ಲಿ, ಅಂದರೆ ಹೊಸದಾಗಿ ವಶವಾದ ಸೀಮೆಯಲ್ಲಿ, ಗುಡಿಗಳನ್ನು ಮುಟ್ಟುವುದಿಲ್ಲ, ಜನರ ಆಚಾರಗಳನ್ನು ಕೆಡಿಸುವುದಿಲ್ಲ ಎಂದು ಮಾತು ಕೊಟ್ಟರು, ಬಹುಮಟ್ಟಿಗೆ ನಡೆಸಿಯೂ ಕೊಟ್ಟರು. ಮಂಗೇಶಿಯ ದೀಪಸ್ತಂಭ ಇಂದಿಗೂ ನಿಂತಿದ್ದರೆ ಅದಕ್ಕೆ ಆ ಮಾತೂ ಒಂದು ಕಾರಣ.

ಆದರೆ ಅದು ದೊರೆ ಕೊಟ್ಟ ಮಾತು. ದೊರೆ ಕೊಟ್ಟದ್ದಕ್ಕೂ ಪ್ರಜೆಗೆ ಇರುವ ಹಕ್ಕಿಗೂ ಇರುವ ವ್ಯತ್ಯಾಸವನ್ನು ತಿಳಿಯಲು ಶ್ರವಣಬೆಳಗೊಳದ 1368ರ ಶಾಸನವನ್ನು ನೆನೆಯಬೇಕು. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕಲಶಕ್ಕೂ ಪಂಚಮಹಾವಾದ್ಯಕ್ಕೂ ಹಿಂದಿನಂತೆ ಅವಕಾಶವಿರಬೇಕೆಂದು ತೀರ್ಪು ಕೊಟ್ಟ. ಕನ್ನಡ ನಾಡಿನ ಚರಿತ್ರೆಯಲ್ಲಿ ನಾನು ಬಹಳ ಪ್ರೀತಿಯಿಂದ ಓದುವ ಶಾಸನ ಅದು. ಆದರೆ ಅದನ್ನು ಕೊನೆಯವರೆಗೆ ಓದಬೇಕು. ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಮೈಗಾವಲಿನವರನ್ನು ನೇಮಿಸುವುದಕ್ಕಾಗಿ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕೆಂದು ಅಲ್ಲಿದೆ. ದೂರು ಕೊಟ್ಟವರೇ ತಮ್ಮ ರಕ್ಷಣೆಯ ವೆಚ್ಚವನ್ನು ಹೊರಬೇಕಾಯಿತು. ಉದಾರಿಯಾದ ಅರಸನ ಕಾಲದಲ್ಲಿಯೂ ಚಿಕ್ಕ ಸಮುದಾಯದ ಪೂಜೆ ಅರಸನ ಮನಸ್ಸಿನ ನೆರಳಿನಲ್ಲಿಯೇ ಇತ್ತು.

ಗೋವೆಯಲ್ಲಿ ಈ ನೆರಳು ಸರಿದದ್ದು 1910ರ ಅಕ್ಟೋಬರ್ 5ರಂದು, ಲಿಸ್ಬನ್ನಿನಲ್ಲಿ ರಾಜಸತ್ತೆ ಹೋಗಿ ಗಣರಾಜ್ಯ ಬಂದಾಗ. ಅದುವರೆಗೆ ಜಾರಿಯಲ್ಲಿದ್ದ 1826ರ ರಾಜಶಾಸನ ಕ್ಯಾಥೊಲಿಕ್ ಧರ್ಮವನ್ನು ರಾಜ್ಯದ ಧರ್ಮವೆಂದು ಹೇಳಿ, ಉಳಿದ ಧರ್ಮಗಳಿಗೆ ಪರದೇಶಿಗಳ ಮನೆಯೊಳಗಣ ಪೂಜೆಯಷ್ಟನ್ನೇ ಬಿಟ್ಟುಕೊಟ್ಟಿತ್ತು. 1911ರ ಏಪ್ರಿಲ್ 20ರ ಕಾನೂನು ಪೋರ್ತುಗಲ್ಲಿನಲ್ಲಿ ಚರ್ಚನ್ನೂ ಪ್ರಭುತ್ವವನ್ನೂ ಬೇರ್ಪಡಿಸಿತು. ಗೋವೆಯ ಹಿಂದೂಗಳಿಗೆ ನಾಗರಿಕರಾಗಿ ಸಮಾನ ಸ್ಥಾನ ದೊರೆತದ್ದು, ಸರ್ಕಾರಿ ನೌಕರಿಯ ಮತ್ತು ಸಾರ್ವಜನಿಕ ಜೀವನದ ಬಾಗಿಲು ತೆರೆದದ್ದು ಈ ಗಣರಾಜ್ಯದಿಂದ. ಮದುವೆ ಸರ್ಕಾರದ ಮುಂದೆ ಒಂದು ನಾಗರಿಕ ಕರಾರಾಯಿತು. ಇಂದಿಗೂ ಗೋವೆಯಲ್ಲಿ ಹುಡುಗ ಹುಡುಗಿ ಸಿವಿಲ್ ರಿಜಿಸ್ಟ್ರಾರರ ಕಚೇರಿಯಲ್ಲಿ ಎರಡು ಸಲ ಸಹಿ ಹಾಕುವುದನ್ನು ನಮ್ಮ ಊರುಗಳಿಂದ ಬಂದವರು ಬೆರಗಿನಿಂದ ನೋಡುತ್ತಾರೆ.

ಆ ಬೇರ್ಪಡಿಕೆಯಲ್ಲಿ ದೋಷವಿರಲಿಲ್ಲ ಎಂದು ನಾನು ಹೇಳಲಾರೆ. ಗಣರಾಜ್ಯದವರು ಪೋರ್ತುಗಲ್ಲಿನಲ್ಲಿ ಪಾದ್ರಿಗಳು ಬೀದಿಯಲ್ಲಿ ನಿಲುವಂಗಿ ತೊಡಬಾರದೆಂದರು, ಬಿಷಪರನ್ನು ಪೀಠದಿಂದ ಇಳಿಸಿದರು, ಪೂಜೆಯ ಖರ್ಚುವೆಚ್ಚವನ್ನು ಯಾರು ನೋಡಿಕೊಳ್ಳಬೇಕೆಂದು ತಾವೇ ಕಟ್ಟಳೆ ಮಾಡಿದರು. ಧೋತರ ಉಡಬೇಡ ಎಂದ 1736ರ ಆಜ್ಞೆಗೂ ನಿಲುವಂಗಿ ತೊಡಬೇಡ ಎಂದ 1911ರ ಕಾನೂನಿಗೂ ಉದ್ದೇಶ ಬೇರೆ, ಕೈ ಒಂದೇ. ಬಟ್ಟೆಯ ಮೇಲೆ ಪ್ರಭುತ್ವದ ಕೈ ಬಂದ ಕ್ಷಣಕ್ಕೆ, ಅದು ಯಾವ ಧ್ವಜದ ಕೆಳಗೆ ಬಂದಿದ್ದರೂ, ಅಂತರ ಮುರಿದಿದೆ ಎಂದೇ ನಾನು ತಿಳಿಯುತ್ತೇನೆ.

ಈಗ ನಮ್ಮ ಸಂವಿಧಾನಕ್ಕೆ ಬರುತ್ತೇನೆ. ಪ್ರಸ್ತಾವನೆಗೆ 1976ರ 42ನೆಯ ತಿದ್ದುಪಡಿಯಿಂದ ಸೇರಿದ ಸೆಕ್ಯುಲರ್ ಎಂಬ ಪದವನ್ನು ಮರಾಠಿಯವರು ಧರ್ಮನಿರಪೇಕ್ಷ ಎನ್ನುತ್ತಾರೆ. ಕನ್ನಡದಲ್ಲಿ ನಾವು ಬಹಳ ಕಾಲದಿಂದ ಜಾತ್ಯತೀತ ಎಂದಿದ್ದೇವೆ. ಇದು ತಪ್ಪು ಅನುವಾದ, ಧರ್ಮದ ಜಾಗದಲ್ಲಿ ಜಾತಿ ಬಂದುಬಿಟ್ಟಿದೆ ಎಂದು ಪಂಡಿತರು ಆಕ್ಷೇಪಿಸುವುದುಂಟು. ನನಗೆ ಮಾತ್ರ ಈ ಪದ ಒಂದು ನಿಜವನ್ನು ಹಿಡಿದಿದೆ ಎನ್ನಿಸುತ್ತದೆ. ಯುರೋಪಿನಲ್ಲಿ ಪ್ರಶ್ನೆ ಇದ್ದದ್ದು ಅರಮನೆಗೂ ಚರ್ಚಿಗೂ ನಡುವೆ. ನಮ್ಮಲ್ಲಿ ಗುಡಿಯ ಒಳಗೇ ಒಂದು ಗೋಡೆಯಿತ್ತು. ನನ್ನ ಅಜ್ಜ ನಮ್ಮೂರಿನ ಗುಡಿಯ ಎದುರು, ಹೊರಬಾಗಿಲಿನಿಂದ ಮಾರು ದೂರದಲ್ಲಿ ನಿಂತು ಕೈಮುಗಿದು, ಹಣ್ಣುಕಾಯಿಯನ್ನು ಬೇರೆಯವರ ಕೈಯಲ್ಲಿ ಒಳಗೆ ಕಳಿಸಿ, ಪ್ರಸಾದವನ್ನು ಅಂಗಳದಲ್ಲಿಯೇ ಪಡೆದು ಬರುತ್ತಿದ್ದರು. ಅವರ ಧರ್ಮಸ್ವಾತಂತ್ರ್ಯಕ್ಕೆ ಅಡ್ಡ ನಿಂತವರು ಪೋರ್ತುಗೀಸರೂ ಅಲ್ಲ, ಸುಲ್ತಾನರೂ ಅಲ್ಲ.

ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆ ಈ ಎರಡು ಕತೆಗಳನ್ನೂ ಒಂದು ಕಡೆ ತಂದು ನಿಲ್ಲಿಸುತ್ತದೆ. 1947ರಲ್ಲಿ ಮದ್ರಾಸ್ ಪ್ರಾಂತ್ಯದ ದೇವಾಲಯ ಪ್ರವೇಶದ ಕಾನೂನು ಬಂದಾಗ, ಇದು ಗೌಡ ಸಾರಸ್ವತ ಸಮುದಾಯದವರಿಗಾಗಿ ಸ್ಥಾಪಿತವಾದ ಗುಡಿ, ಈ ಕಾನೂನು ತಮಗೆ ಅನ್ವಯಿಸದು ಎಂದು ಆಡಳಿತ ಮೊಕ್ತೇಸರರು ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಏರಿ, ಅಷ್ಟರಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ ಮೈಸೂರು ರಾಜ್ಯದ ವಿರುದ್ಧದ ಮೊಕದ್ದಮೆಯಾಗಿ, 1957ರ ನವೆಂಬರಿನಲ್ಲಿ ತೀರ್ಮಾನವಾಯಿತು. ಈ ಸಮುದಾಯದ ಪೂರ್ವಿಕರು ಗೋವೆಯಲ್ಲಿದ್ದರು, ಪೋರ್ತುಗೀಸರ ಕಾಲದಲ್ಲಿ ಹಿಂಸೆಗೆ ಅಂಜಿ ದಕ್ಷಿಣದ ಕರಾವಳಿಗೆ ಬಂದರು ಎಂಬ ಸಂಗತಿ ಆ ತೀರ್ಪಿನಲ್ಲಿಯೇ ಬರುತ್ತದೆ. ಕೆಳಶಿಯಿಂದಲೂ ಕುಶಸ್ಥಳಿಯಿಂದಲೂ ದೇವರನ್ನು ಹೊತ್ತು ಹೊರಟ ಜನಸಮೂಹದ ಒಂದು ಕವಲೇ ಇದು.

ಅವರ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಊರು, ಹೊಲ, ಮನೆ ಎಲ್ಲವನ್ನೂ ಬಿಟ್ಟು ದೇವರನ್ನು ಉಳಿಸಿಕೊಂಡವರಿಗೆ ಆ ದೇವರು ತಮ್ಮವನೆಂಬ ಭಾವ ಎಷ್ಟು ಗಾಢವಾಗಿರುತ್ತದೆ ಎಂಬುದನ್ನು ಊಹಿಸಬಲ್ಲೆ. ನ್ಯಾಯಾಲಯವೂ ಅದನ್ನು ಹಗುರವಾಗಿ ಕಾಣಲಿಲ್ಲ. ಇದು ಒಂದು ಪಂಗಡದ ಗುಡಿ ಹೌದು, 26ನೆಯ ವಿಧಿಯಂತೆ ತನ್ನ ಧಾರ್ಮಿಕ ವ್ಯವಹಾರಗಳನ್ನು ನಡೆಸಿಕೊಳ್ಳುವ ಹಕ್ಕು ಅದಕ್ಕಿದೆ ಎಂದು ಒಪ್ಪಿತು. ಆದರೆ ಸಾರ್ವಜನಿಕ ಸ್ವರೂಪದ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದ ಹಿಂದೂಗಳಿಗೆ ತೆರೆಯುವ ಅಧಿಕಾರವನ್ನು 25ನೆಯ ವಿಧಿ ರಾಜ್ಯಕ್ಕೆ ಕೊಟ್ಟಿರುವುದರಿಂದ ಪಂಗಡದ ಹಕ್ಕು ಅದಕ್ಕೆ ಒಳಪಟ್ಟದ್ದು ಎಂದು ತೀರ್ಮಾನಿಸಿತು. ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಪಂಗಡದವರು ಮಾತ್ರ ಇರಬಹುದು ಎಂಬುದನ್ನು ಉಳಿಸಿತು. ಉಳಿದಂತೆ ಬಾಗಿಲು ತೆರೆಯಿತು.

ಇದಕ್ಕೆ ಮೂರು ವರ್ಷ ಹಿಂದೆ, 1954ರ ಮಾರ್ಚಿನಲ್ಲಿ, ಉಡುಪಿಯ ಶಿರೂರು ಮಠದ ಮೊಕದ್ದಮೆ ನಡೆದಿತ್ತು. ಪರ್ಯಾಯದ ಖರ್ಚಿನಿಂದ ಮಠ ಸಾಲಕ್ಕೆ ಬಿದ್ದದ್ದೇ ಆ ಕತೆಯ ಮೊದಲು. ಮದ್ರಾಸ್ ಸರ್ಕಾರದ ಧಾರ್ಮಿಕ ದತ್ತಿ ಇಲಾಖೆಯ ಅಧಿಕಾರಿಗಳು ಮಠದೊಳಗೆ ಬೇಕಾದಾಗ ಪ್ರವೇಶಿಸಬಹುದು ಎಂಬ ನಿಯಮವನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ: ಗರ್ಭಗುಡಿಗೆ ಯಾರು, ಯಾವಾಗ ಹೋಗಬೇಕು ಎಂಬುದಕ್ಕೆ ಶಾಸ್ತ್ರದ ಕಟ್ಟುಗಳಿವೆ, ಅಧಿಕಾರಿಯ ಹುದ್ದೆಯಿಂದ ಆ ಹಕ್ಕು ಬರುವುದಿಲ್ಲ. ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಆ ಧರ್ಮದ ತತ್ತ್ವಗಳಿಂದಲೇ ತಿಳಿಯಬೇಕೆಂಬ ಮಾತೂ ಅದೇ ತೀರ್ಪಿನದು. ಎರಡೇ ದಿನಗಳ ಅನಂತರ ಮುಂಬಯಿಯ 1950ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾನೂನಿನ ಬಗ್ಗೆ, ಜೈನರೂ ಪಾರ್ಸಿಗಳೂ ತಂದ ಮೊಕದ್ದಮೆಯಲ್ಲಿ, ಅದೇ ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರು ಅದೇ ದಾರಿಯಲ್ಲಿ ನಡೆದರು.

ಶಿರೂರಿನ ತೀರ್ಪನ್ನೂ ಮೂಲ್ಕಿಯ ತೀರ್ಪನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ನನಗೆ ನಮ್ಮ ದೇಶದ ದಾರಿ ಸ್ಪಷ್ಟವಾಯಿತು. ಗರ್ಭಗುಡಿಯಲ್ಲಿ ಸರ್ಕಾರಕ್ಕೆ ಕೆಲಸವಿಲ್ಲ, ಹೊರಬಾಗಿಲಿನಲ್ಲಿ ಇದೆ. ಪೂಜೆ ಹೇಗಾಗಬೇಕು, ಮಂತ್ರ ಯಾವುದು, ನೈವೇದ್ಯ ಏನು ಎಂಬುದು ನಂಬಿದವರಿಗೆ ಬಿಟ್ಟದ್ದು. ಆದರೆ ಹುಟ್ಟಿನ ಕಾರಣಕ್ಕೆ ಒಬ್ಬನನ್ನು ಹೊರಗೆ ನಿಲ್ಲಿಸಿದಾಗ, ಅಥವಾ ಹುಂಡಿಯ ಹಣ ಕಾಣೆಯಾದಾಗ, ಕಾನೂನು ಬಂದು ಕೇಳಲೇಬೇಕು. ಇಲ್ಲಿನ ಗುಡಿಗಳ ಮಹಾಜನರ ಲೆಕ್ಕಪತ್ರಗಳ ಮೇಲೆ 1933ರ ಪೋರ್ತುಗೀಸ್ ಕಟ್ಟಳೆಯಂತೆ ತಾಲ್ಲೂಕಿನ ಮಾಮಲೇದಾರರಿಗೆ ಇರುವ ಮೇಲ್ವಿಚಾರಣೆಯನ್ನು ನಾನು ಒಪ್ಪುತ್ತೇನೆ. ಅದು ಲೆಕ್ಕದ ಪುಸ್ತಕದಲ್ಲಿ ನಿಲ್ಲುವಷ್ಟು ಕಾಲ ಮಾತ್ರ ಒಪ್ಪುತ್ತೇನೆ.

ಎಲ್ಲ ಪ್ರಶ್ನೆಗಳೂ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಮುಂಬಯಿ ರಾಜ್ಯ 1949ರಲ್ಲಿ ಸಮುದಾಯದಿಂದ ಬಹಿಷ್ಕಾರ ಹಾಕುವುದನ್ನು ಕಾನೂನಿನಿಂದ ತಡೆಯಿತು. ಮುಸಲ್ಮಾನರ ದಾವೂದಿ ಬೋಹ್ರಾ ಪಂಗಡದ ಧರ್ಮಗುರುಗಳು ಇದನ್ನು ಪ್ರಶ್ನಿಸಿದಾಗ 1962ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಬಹಿಷ್ಕಾರ ಧರ್ಮದ ಒಳಗಿನ ಶಿಸ್ತಿಗೆ ಸೇರಿದ್ದು ಎಂದು ಆ ಕಾನೂನನ್ನು ರದ್ದುಪಡಿಸಿದರು. ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ ಒಬ್ಬರೇ ಭಿನ್ನಮತ ಬರೆದರು. ಬಹಿಷ್ಕೃತನಿಗೆ ಮಸೀದಿಯೂ ಇಲ್ಲ, ಸ್ಮಶಾನವೂ ಇಲ್ಲ, ನೆಂಟರಿಷ್ಟರೂ ಇಲ್ಲ ಎನ್ನುವ ಸ್ಥಿತಿ ಅಸ್ಪೃಶ್ಯತೆಗಿಂತ ಎಷ್ಟು ದೂರ ಎಂಬ ಕಳವಳ ಅವರದಾಗಿತ್ತು. ನಾನು ಸಿನ್ಹಾ ಅವರ ಪಕ್ಷದವನು. ಮಹಾರಾಷ್ಟ್ರ ಸಾಮಾಜಿಕ ಬಹಿಷ್ಕಾರದ ವಿರುದ್ಧ 2016ರಲ್ಲಿ ಹೊಸ ಕಾನೂನು ಮಾಡಿದೆ. ಹಳೆಯ ತೀರ್ಪಿನ ಮರುಪರಿಶೀಲನೆಯನ್ನು ಸುಪ್ರೀಂ ಕೋರ್ಟು 2023ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು.

ಉಪನ್ಯಾಸದ ಅನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ದಾಖಲಿಸುತ್ತೇನೆ. ಬಾಗಲಕೋಟೆಯ ಕಡೆಯ ಹಿರಿಯರೊಬ್ಬರು, ಊರಲ್ಲಿ ಮುಜರಾಯಿ ಗುಡಿಗಳಿಗೆ ಸರ್ಕಾರ ತಸ್ತೀಕು ಎಂಬ ವಾರ್ಷಿಕ ಹಣ ಕೊಡುವುದು ಈ ಅಂತರವನ್ನು ಮೀರಿದಂತಲ್ಲವೇ ಎಂದು ಕೇಳಿದರು. ಒಂದು ಧರ್ಮದ ಪ್ರಚಾರಕ್ಕೆ ಅಥವಾ ಪೋಷಣೆಗೆಂದೇ ತೆಗೆದಿಟ್ಟ ತೆರಿಗೆಯನ್ನು ಕಟ್ಟಬೇಕೆಂದು ಯಾರನ್ನೂ ಬಲವಂತಪಡಿಸಕೂಡದು ಎಂಬಷ್ಟೇ 27ನೆಯ ವಿಧಿಯ ಮಾತು. ಅರಸರು ಗುಡಿಯ ಭೂಮಿಯನ್ನು ವಶಪಡಿಸಿಕೊಂಡಿದ್ದಕ್ಕೆ ಪ್ರತಿಯಾಗಿ ಬರುವ ಹಣ ಹಳೆಯ ಸಾಲದ ತೀರುವಳಿಯ ಹಾಗೆ. 290ಎ ವಿಧಿ ಕೇರಳದ ಖಜಾನೆಯಿಂದ ತಿರುವಾಂಕೂರು ದೇವಸ್ವಂಗೆ ವರ್ಷಕ್ಕೆ 46 ಲಕ್ಷದ 50 ಸಾವಿರ ರೂಪಾಯಿಯನ್ನು ಗೊತ್ತುಮಾಡಿರುವುದೂ ಆ ಬಗೆಯದು. ಚುನಾವಣೆ ಹತ್ತಿರ ಬಂದಾಗ ಯಾವ ಧರ್ಮದವರಿಗಾದರೂ ಹೊಸದಾಗಿ ಹಂಚುವ ಹಣ ಬೇರೆ ಜಾತಿಯದು, ಅದನ್ನು ನಾನು ವಿರೋಧಿಸುತ್ತೇನೆ ಎಂದು ಹೇಳಿದೆ.

ಎರಡನೆಯ ಪ್ರಶ್ನೆ ವಾಸ್ಕೋದ ಕಡೆಯ ಶಿಕ್ಷಕಿಯೊಬ್ಬರದು. ತಮ್ಮ ತರಗತಿಯಲ್ಲಿ ಮೂರು ಧರ್ಮದ ಮಕ್ಕಳಿದ್ದಾರೆ, ಬೆಳಗಿನ ಪ್ರಾರ್ಥನೆಗೆ ಒಂದು ಮಗು ಬಾಯಿ ತೆರೆಯುವುದಿಲ್ಲ, ಏನು ಮಾಡಲಿ ಎಂದು ಅವರು ಕೇಳಿದರು. ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು, ಅನುದಾನ ಪಡೆಯುವ ಶಾಲೆಯಲ್ಲಿ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಪೂಜೆ ಪ್ರಾರ್ಥನೆಗಳಿಗೆ ಕೂರಿಸಕೂಡದು ಎಂದು 28ನೆಯ ವಿಧಿ ಹೇಳುತ್ತದೆ ಎಂದೆ. ಆಮೇಲೆ ಕೇರಳದ ಒಡಹುಟ್ಟಿದ ಮೂವರು ಮಕ್ಕಳ ವಿಷಯ ಹೇಳಿದೆ. ಅವರು ಯೆಹೋವನ ಸಾಕ್ಷಿಗಳ ಪಂಥದವರು. ಶಾಲೆಯಲ್ಲಿ ರಾಷ್ಟ್ರಗೀತೆ ಹಾಡುವಾಗ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ತಮ್ಮ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಗೆ ಹಾಕಲಾಯಿತು. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಸುಮ್ಮನೆ ನಿಂತ ಮಕ್ಕಳು ಯಾವ ಅಪರಾಧವನ್ನೂ ಮಾಡಿಲ್ಲವೆಂದು ಹೇಳಿ, ಮೂವರನ್ನೂ ಮತ್ತೆ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ಶಿಕ್ಷಕಿ ಇದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡು, ನಾಳೆ ಆ ಮಗುವನ್ನು ಮುಂದಿನ ಸಾಲಿನಲ್ಲಿಯೇ ನಿಲ್ಲಿಸಿಕೊಳ್ಳುತ್ತೇನೆ, ಹಾಡೆಂದು ಹೇಳುವುದಿಲ್ಲ ಎಂದರು.